ಪಂಚರ್ ಹಾಕಿಸುವುದೇ, ಟೈರ್ ಬದಲಿಸುವುದೇ?

ಓದುಗರ ಪ್ರಶ್ನೆ: "ನನ್ನದು 150 ಸಿಸಿ ಬೈಕ್. ಅಲಾಯ್ ಚಕ್ರ, ಎರಡೂ ಟ್ಯೂಬ್‌ಲೆಸ್ ಟೈರ್. ಹಿಂದಿನ ಟೈರಿನ ಅಳತೆ 100/90-17. ಹಾಕಿಸಿ ಮೂರು ವರ್ಷವಾಗಿದೆ, 14,000 ಕಿಲೋಮೀಟರ್ ಓಡಿದೆ. ಕಳೆದ ತಿಂಗಳು ಪತ್ನಿಯನ್ನು ಕೂರಿಸಿಕೊಂಡು ಸಕಲೇಶಪುರದಿಂದ ಹಾಸನಕ್ಕೆ ಬರುವಾಗ ಬೈಕಿನ ಹಿಂಭಾಗ ಓಲಾಡತೊಡಗಿತು. ಹತ್ತಿರದಲ್ಲಿ ಅಂಗಡಿ ಇರಲಿಲ್ಲವಾದ್ದರಿಂದ ಇಬ್ಬರೂ ಕುಳಿತೇ ಸುಮಾರು ಎರಡು ಕಿಲೋಮೀಟರ್ ನಿಧಾನವಾಗಿ ಬಂದೆವು. ಪಂಚರ್ ಅಂಗಡಿಯವರು ಮೊಳೆ ಕಿತ್ತು, ಚಕ್ರ ಬಿಚ್ಚದೆ ಹೊರಗಿನಿಂದಲೇ ತೂತಿಗೆ ರಬ್ಬರಿನ ಅಂಟು ಬತ್ತಿ ತುರುಕಿ ಗಾಳಿ ಹೊಡೆದರು. ತೂತು ಟೈರಿನ ನಡುವೆ ಇಲ್ಲ, ಗ್ರಿಪ್‌ನ ಅಂಚಿನಿಂದ ಒಂದು ಬೆರಳಿನಷ್ಟು ಒಳಗಿದೆ. ಈಗ ನಾಲ್ಕೈದು ದಿನಕ್ಕೊಮ್ಮೆ ಐದಾರು ಪಿಎಸ್‌ಐ ಗಾಳಿ ಇಳಿಯುತ್ತಿದೆ. ಮೆಕ್ಯಾನಿಕ್ ಒಬ್ಬರು ಒಳಗೆ ಟ್ಯೂಬ್ ಹಾಕಿಸಿ ಎನ್ನುತ್ತಾರೆ. ನಮ್ಮ ಅಣ್ಣ ಸೀಲಂಟ್ ಸುರಿಸಿದರೆ ಸಾಕು ಎನ್ನುತ್ತಾನೆ. ಟೈರ್ ಅಂಗಡಿಯವರು ಎರಡೂ ಟೈರ್ ಬದಲಿಸಿ ಎನ್ನುತ್ತಾರೆ. ನಾನು ವಾರಕ್ಕೊಮ್ಮೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಗೆ ಹೋಗಿಬರಲೇಬೇಕು. ತಿರುವಿನಲ್ಲಿ ಬತ್ತಿ ಹಾರಿಹೋದರೆ ಗತಿಯೇನು ಎಂಬ ಹೆದರಿಕೆ ಹುಟ್ಟಿದೆ. ಏನು ಮಾಡಲಿ?"

ಉತ್ತರ: ನಿಮಗೆ ಸಲಹೆ ಕೊಟ್ಟ ಮೂವರೂ ತೂತನ್ನು ನೋಡಿ ಮಾತನಾಡಿದ್ದಾರೆ. ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದ ಆ ಎರಡು ಕಿಲೋಮೀಟರ್ ಬಗ್ಗೆ ಯಾರೂ ಕೇಳಿದಂತಿಲ್ಲ. ಟೈರ್ ರಿಪೇರಿಯ ಕೆಲಸದಲ್ಲಿರುವವನಾಗಿ ನಾನು ಮೊದಲು ಕೇಳುವ ಪ್ರಶ್ನೆ ಅದೇ: ಗಾಳಿ ಇಲ್ಲದೆ ಎಷ್ಟು ದೂರ ಓಡಿಸಿದಿರಿ, ಬೈಕಿನ ಮೇಲೆ ಎಷ್ಟು ಭಾರ ಇತ್ತು? ಹಾಗೆ ಓಡಿದಾಗ ಟೈರಿನ ಒಳಗೆ ಏನಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ, ಮತ್ತು ನಿಮ್ಮ ಟೈರನ್ನು ಈವರೆಗೆ ಯಾರೂ ಬಿಚ್ಚಿ ನೋಡಿಲ್ಲ.

ನಿಮ್ಮ ಹೆದರಿಕೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಬತ್ತಿ ಬಂದೂಕಿನ ಗುಂಡಿನಂತೆ ಹಾರಿ ಟೈರ್ ಒಮ್ಮೆಲೇ ಸಿಡಿಯುತ್ತದೆ ಎಂಬ ಮಾತು ಬಹಳ ಜನರಲ್ಲಿದೆ. ಸಣ್ಣ, ನೇರವಾದ ತೂತಿಗೆ ಸರಿಯಾಗಿ ಹಾಕಿದ ಬತ್ತಿ ಹಾಗೆ ಹಾರುವುದು ಅಪರೂಪ. ಅದು ಕೆಡುವಾಗ ಸಾಮಾನ್ಯವಾಗಿ ನಿಮ್ಮ ಟೈರಿನಲ್ಲಿ ಆಗುತ್ತಿರುವಂತೆ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಆದರೆ ಇದಕ್ಕೆ ಎದುರಾಗಿ, ಟ್ಯೂಬ್‌ಲೆಸ್‌ಗೆ ಎಷ್ಟು ಬತ್ತಿ ಹಾಕಿದರೂ ನಡೆಯುತ್ತದೆ, ಗ್ರಿಪ್ ಸವೆಯುವವರೆಗೂ ಓಡಿಸಬಹುದು ಎಂಬ ಇನ್ನೊಂದು ನಂಬಿಕೆಯೂ ಇದೆ. ನನ್ನ ಅನುಭವದಲ್ಲಿ ಹೆಚ್ಚು ತೊಂದರೆ ಕೊಟ್ಟಿರುವುದು ಈ ಎರಡನೆಯದು, ಏಕೆಂದರೆ ಮೊದಲನೆಯದನ್ನು ನಂಬಿದವರಿಗೆ ಹೆಚ್ಚೆಂದರೆ ಒಂದು ಟೈರಿನ ದುಡ್ಡು ಹೋಗುತ್ತದೆ.

ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಒಳಮೈಗೆ ಅಂಟಿಸಿದ, ಗಾಳಿಯನ್ನು ಸುಲಭವಾಗಿ ಬಿಡದ ಬ್ಯುಟೈಲ್ ಜಾತಿಯ ರಬ್ಬರಿನ ತೆಳು ಪದರ. ಅದರ ಹೊರಗೆ ಭಾರ ಹೊರುವ ನೈಲಾನ್ ದಾರಗಳ ಪದರಗಳಿವೆ. ಎಲ್ಲಕ್ಕಿಂತ ಹೊರಗೆ ರಸ್ತೆಗೆ ತಾಗುವ ಗ್ರಿಪ್. ಮೊಳೆ ಈ ಮೂರನ್ನೂ ತೂರಿ ಒಳಹೊಕ್ಕಿರುತ್ತದೆ. ಹೊರಗಿನಿಂದ ತುರುಕಿದ ಬತ್ತಿ ತೂತಿನ ಕೊಳವೆಯನ್ನು ತುಂಬುತ್ತದೆಯೇ ಹೊರತು ಒಳಪದರದ ಗಾಯವನ್ನು ಮುಚ್ಚುವುದಿಲ್ಲ. ಬತ್ತಿಯ ಸುತ್ತ ಕೂದಲೆಳೆಯಷ್ಟು ಸಂದು ಉಳಿದರೂ ಒತ್ತಡದಲ್ಲಿರುವ ಗಾಳಿ ಅಲ್ಲಿಂದ ನೈಲಾನ್ ದಾರಗಳ ನಡುವೆ ನುಗ್ಗಿ, ಕಾಲಕ್ರಮದಲ್ಲಿ ಪದರಗಳನ್ನು ಒಂದರಿಂದ ಒಂದು ಬಿಡಿಸಬಲ್ಲದು. ಗ್ರಿಪ್‌ನ ಮೇಲೋ ಪಕ್ಕೆಯ ಮೇಲೋ ಏಳುವ ಉಬ್ಬು ಹಲವು ಬಾರಿ ಹೀಗೆ ಹುಟ್ಟಿದ್ದಾಗಿರುತ್ತದೆ. ನೀರಿನ ತೊಟ್ಟಿ ಸೋರಿದರೆ ಹೊರಗೋಡೆಗೆ ಗಾರೆ ಮೆತ್ತದೆ ಒಳಗಿನಿಂದ ಮೆತ್ತುತ್ತೇವೆ, ನೀರಿನ ಒತ್ತಡವೇ ಗಾರೆಯನ್ನು ಗೋಡೆಗೆ ಒತ್ತಿ ಹಿಡಿಯಲಿ ಎಂದು. ಟೈರಿನ ಕಾಯಂ ರಿಪೇರಿಯನ್ನು ಒಳಗಿನಿಂದ ಮಾಡಬೇಕು ಎನ್ನುವುದಕ್ಕೂ ಕಾರಣ ಇದೇ.

ಆ ಕಾಯಂ ರಿಪೇರಿಯನ್ನು ಅಂಗಡಿಗಳಲ್ಲಿ ಮಶ್ರೂಮ್ ಪ್ಯಾಚ್ ಎನ್ನುತ್ತಾರೆ. ಟೈರನ್ನು ರಿಮ್‌ನಿಂದ ಬಿಚ್ಚಿ, ತೂತಿನ ಸುತ್ತಲಿನ ಒಳಪದರವನ್ನು ದಾರ ಕಾಣದ ಹಾಗೆ ಹಗುರವಾಗಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಕೈಗೆ ಅಂಟಿಯೂ ಅಂಟದಷ್ಟು ಒಣಗುವವರೆಗೆ ಕಾದು, ಅಣಬೆಯ ಆಕಾರದ ರಬ್ಬರನ್ನು ಒಳಗಿನಿಂದ ಹೊರಕ್ಕೆ ಎಳೆಯಬೇಕು. ಕಾಂಡ ತೂತನ್ನು ತುಂಬುತ್ತದೆ, ಕೊಡೆ ಒಳಪದರಕ್ಕೆ ಅಂಟುತ್ತದೆ. ಉಜ್ಜದೆ, ಸೊಲ್ಯೂಷನ್ ಒಣಗಲು ಬಿಡದೆ ಐದು ನಿಮಿಷದಲ್ಲಿ ಮುಗಿಸಿಕೊಡುವವರೂ ಇದ್ದಾರೆ. ಅಂಥ ಪ್ಯಾಚ್‌ಗಿಂತ ಒಳ್ಳೆಯ ಬತ್ತಿಯೇ ಮೇಲು. ಸರಿಯಾಗಿ ಮಾಡಿದ ರಿಪೇರಿಗೂ ಮಿತಿ ಇದೆ. ಹೋಂಡಾ ಕಂಪನಿಯ ಕೆಲವು ಟ್ಯೂಬ್‌ಲೆಸ್ ಬೈಕುಗಳ ಕೈಪಿಡಿಗಳು, ರಿಪೇರಿಯಾದ ಟೈರಿನಲ್ಲಿ ಮೊದಲ 24 ಗಂಟೆ 80 ಕಿಲೋಮೀಟರ್ ವೇಗವನ್ನು ಮೀರಬೇಡಿ, ಆಮೇಲೆಯೂ 130 ಮೀರಬೇಡಿ ಎನ್ನುತ್ತವೆ. ನಮ್ಮ ರಸ್ತೆಗಳಲ್ಲಿ ಎರಡನೆಯ ಅಂಕಿಯ ಮಾತು ಬೇಡ. ಮೊದಲನೆಯದು ಮಾತ್ರ ನೆನಪಿನಲ್ಲಿರಬೇಕಾದದ್ದು.

ಇನ್ನು ಯಾವ ತೂತು ರಿಪೇರಿಗೆ ಯೋಗ್ಯ ಎಂಬ ವಿಚಾರ. ಸಾಮಾನ್ಯ ರೂಢಿಯಂತೆ ತೂತು ಸುಮಾರು 6 ಮಿಲಿಮೀಟರ್ ಮೀರಿರಬಾರದು, ಗ್ರಿಪ್ ಇರುವ ಭಾಗದಲ್ಲೇ ಇರಬೇಕು, ಪಕ್ಕೆಗೆ ಆದ ಗಾಯವನ್ನು ಯಾವ ಕಾರಣಕ್ಕೂ ರಿಪೇರಿ ಮಾಡಬಾರದು. ಬೈಕಿನ ವಿಷಯದಲ್ಲಿ ನಾನು ಇನ್ನೂ ಬಿಗಿಯಾಗಿರುತ್ತೇನೆ: ಟೈರಿನ ಅಗಲದ ನಡುವಿನ ಅರ್ಧ ಭಾಗದಲ್ಲಿ ತೂತು ಇದ್ದರಷ್ಟೇ ಪ್ಯಾಚ್‌ಗೆ ಒಪ್ಪುತ್ತೇನೆ. ಕಾರಿನ ಟೈರ್ ಚಪ್ಪಟೆಯಾಗಿ ಕೂರುತ್ತದೆ, ತಿರುವಿನಲ್ಲೂ ಅದರ ಮೇಲ್ಮೈ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಬೈಕ್ ವಾಲುತ್ತದೆ. ನೇರ ರಸ್ತೆಯಲ್ಲಿ ನೆಲಕ್ಕೇ ತಾಗದ ಅಂಚು ತಿರುವಿನಲ್ಲಿ ಇಡೀ ಭಾರವನ್ನು ಹೊರುತ್ತದೆ. ಅಲ್ಲಿನ ರಬ್ಬರ್ ಸಹ ನಡುಭಾಗಕ್ಕಿಂತ ಹೆಚ್ಚು ಬಾಗಿ ಬಳುಕುತ್ತದೆ. ನಿಮ್ಮ ಟೈರಿನ ಅಗಲ ಸುಮಾರು 100 ಮಿಲಿಮೀಟರ್. ಅಂಚಿನಿಂದ ಒಂದು ಬೆರಳು ಒಳಗೆ ಎಂದರೆ ಸುಮಾರು 15 ಮಿಲಿಮೀಟರ್ ಎಂದಿಟ್ಟುಕೊಂಡರೂ ಅದು ನಡುವಿನ ಅರ್ಧದಿಂದ ಹೊರಗೇ ಉಳಿಯುತ್ತದೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಓಡುವ ಬೈಕಾಗಿದ್ದರೆ ಈ ಅಂಶಕ್ಕೆ ಇಷ್ಟು ತೂಕ ಕೊಡುತ್ತಿರಲಿಲ್ಲವೇನೋ. ಶಿರಾಡಿಯಲ್ಲಿ ಒಂದಾದ ಮೇಲೊಂದು ತಿರುವು, ಎದುರಿಗೆ ಟ್ಯಾಂಕರ್‌ಗಳು, ಮಳೆಗಾಲದಲ್ಲಿ ನಿಲ್ಲದ ನೀರು. ನಿಮ್ಮ ಟೈರಿನ ಅಂಚು ಅಲ್ಲಿ ಪ್ರತಿ ವಾರ ದುಡಿಯುತ್ತದೆ.

ಮೊಳೆ ಹೊಕ್ಕ ಕೋನವೂ ಮುಖ್ಯ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಉದ್ಯೋಗಿಯೊಬ್ಬರು ಆಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಆಯ್ದ ಸುದ್ದಿ ಕೆಲವು ವರ್ಷಗಳ ಹಿಂದೆ ಬಂದಿತ್ತು. ಅಂಥ ಗಿಡ್ಡ ಮೊಳೆಗಳು ಹೆಚ್ಚಾಗಿ ನೇರವಾಗಿ ಹೊಕ್ಕು ದುಂಡನೆಯ ಸಣ್ಣ ತೂತು ಮಾಡುತ್ತವೆ, ರಿಪೇರಿಗೆ ಸುಲಭ. ಅಂಚಿನಲ್ಲಿ ಹೊಕ್ಕ ಮೊಳೆ ಬಹುತೇಕ ಓರೆಯಾಗಿರುತ್ತದೆ. ಓರೆ ತೂತಿಗೆ, ಬತ್ತಿ ತುರುಕಲು ಬಳಸುವ ಮುಳ್ಳುಸೂಜಿಯನ್ನು ನೇರವಾಗಿ ಚುಚ್ಚಿದರೆ ಪಕ್ಕದಲ್ಲೇ ಇನ್ನೊಂದು ತೂತಾಗಿ, ಬತ್ತಿ ಹೊಸ ತೂತಿನಲ್ಲಿ ಕೂತು, ಹಳೆಯದು ಸೋರುತ್ತಲೇ ಇರುತ್ತದೆ. ನಿಮ್ಮ ಸೋರಿಕೆಗೆ ಇದೂ ಒಂದು ಕಾರಣವಾಗಿರಬಹುದು.

ಆದರೆ ಸೋರಿಕೆಯ ತಪ್ಪನ್ನೆಲ್ಲ ಬತ್ತಿಯ ಮೇಲೆ ಹೊರಿಸುವ ಮೊದಲು ಪರೀಕ್ಷೆಯೊಂದನ್ನು ಮನೆಯಲ್ಲೇ ಮಾಡಬಹುದು. ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಸೋಪಿನ ನೀರನ್ನು ಬತ್ತಿಯ ಮೇಲೆ, ವಾಲ್ವ್ ಬಾಯಿಗೆ, ವಾಲ್ವ್ ರಿಮ್‌ಗೆ ಸೇರುವ ಬುಡಕ್ಕೆ, ಟೈರ್ ರಿಮ್‌ಗೆ ಕೂರುವ ಅಂಚಿನ ಸುತ್ತ ಎರಡೂ ಬದಿಗೆ ಹಚ್ಚಿ, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ವಾಲ್ವ್ ಬಾಯಲ್ಲಿ ಗುಳ್ಳೆ ಎದ್ದರೆ ಪಿನ್ ಬದಲಿಸಿದರೆ ಮುಗಿಯಿತು. ಬುಡದಲ್ಲಿ ಎದ್ದರೆ ವಾಲ್ವ್‌ನ ರಬ್ಬರ್ ಬಿರುಕು ಬಿಟ್ಟಿದೆ ಎಂದರ್ಥ. ರಿಮ್ ಅಂಚಿನಲ್ಲಿ ಎದ್ದರೆ ಗುಂಡಿಗೆ ಬಿದ್ದು ರಿಮ್ ಬಾಗಿರಬಹುದು, ಅಥವಾ ಗಾಳಿ ಇಲ್ಲದೆ ಓಡಿದಾಗ ಟೈರಿನ ಬೀಡ್, ಅಂದರೆ ರಿಮ್‌ಗೆ ಕೂರುವ ಅದರ ಅಂಚು, ಜಜ್ಜಿರಬಹುದು. ಈ ಕೊನೆಯದು ನಮ್ಮನ್ನು ಮತ್ತೆ ಆ ಎರಡು ಕಿಲೋಮೀಟರ್‌ಗೆ ತಂದು ನಿಲ್ಲಿಸುತ್ತದೆ.

ಗಾಳಿ ಇದ್ದಾಗ ಬೈಕಿನ ಭಾರವನ್ನು ಹೊರುವುದು ಗಾಳಿಯೇ. ಟೈರಿನ ಪಕ್ಕೆ ಅದನ್ನು ಹಿಡಿದಿಟ್ಟಿರುತ್ತದೆ ಅಷ್ಟೆ. ಗಾಳಿ ಹೋದ ಮೇಲೆ ಪಕ್ಕೆ ಮಡಚಿ, ರಿಮ್‌ನ ಅಂಚಿಗೂ ರಸ್ತೆಗೂ ನಡುವೆ ಸಿಕ್ಕಿ, ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಅರೆಯಲ್ಪಡುತ್ತದೆ. ನಿಮ್ಮ ಅಳತೆಯ ಚಕ್ರ ಎರಡು ಕಿಲೋಮೀಟರ್‌ಗೆ ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಇಬ್ಬರ ಭಾರದಲ್ಲಿ ಪಕ್ಕೆಯ ಒಂದೊಂದು ಭಾಗವೂ ಸಾವಿರ ಸಲ ಮಡಚಿ ಬಿಚ್ಚಿಕೊಂಡಾಗ ಹುಟ್ಟುವ ಬಿಸಿ ರಬ್ಬರಿಗೂ ನೈಲಾನಿಗೂ ಇರುವ ಬೆಸುಗೆಯನ್ನು ಸಡಿಲಿಸುತ್ತದೆ. ಮತ್ತೆ ಗಾಳಿ ಹೊಡೆದಾಗ ಟೈರ್ ದುಂಡಗೆ ನಿಲ್ಲುತ್ತದೆ, ಹೊರಗೆ ನೋಡಿದರೆ ಏನೂ ಆದಂತೆ ಕಾಣದು. ಒಳಗೆ ನೋಡಿದರೆ ಮಾತ್ರ ಕಥೆ ಬೇರೆ: ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಬಳೆಯಂಥ ಗುರುತು, ಸುಕ್ಕು, ಕೈಗೆ ಹತ್ತುವ ಕಪ್ಪು ರಬ್ಬರ್ ಪುಡಿ, ಕೆಲವೊಮ್ಮೆ ಹೊರಬಂದ ದಾರ. ಇವುಗಳಲ್ಲಿ ಒಂದು ಕಂಡರೂ ಆ ಟೈರಿನ ಆಯುಷ್ಯ ಮುಗಿಯಿತು. ತೂತು ಎಷ್ಟೇ ಚಿಕ್ಕದಿರಲಿ, ಅದು ನಟ್ಟ ನಡುವೆಯೇ ಇರಲಿ. ನಮ್ಮ ಸಾಮಾನ್ಯ ಬೈಕುಗಳ ಟೈರಿನ ಪಕ್ಕೆ ಕಾರಿನ ರೇಡಿಯಲ್ (ದಾರಗಳು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾಯುವ) ಟೈರಿನ ಪಕ್ಕೆಗಿಂತ ಗಡುಸಾಗಿದ್ದು, ಇಂಥ ಹೊಡೆತವನ್ನು ತಾಳಿ ಉಳಿದದ್ದನ್ನೂ ನೋಡಿದ್ದೇನೆ. ಗಾಳಿ ಪೂರ್ತಿ ಹೋಗಿತ್ತೋ, ಹತ್ತು ಪಿಎಸ್‌ಐಯಷ್ಟಾದರೂ ಉಳಿದಿತ್ತೋ ಎಂಬುದೂ ಬಹಳ ವ್ಯತ್ಯಾಸ ಮಾಡುತ್ತದೆ. ಹಾಗಾಗಿ ಪತ್ರ ಓದಿ ನಾನು ಹೇಳುವುದಕ್ಕಿಂತ ಟೈರ್ ಬಿಚ್ಚಿದವರ ಟಾರ್ಚ್ ಬೆಳಕು ಹೇಳುವುದೇ ಹೆಚ್ಚು ನಂಬಲರ್ಹ.

ಈಗ ನಿಮಗೆ ಬಂದ ಸಲಹೆಗಳು. ಟ್ಯೂಬ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಸೋರಿಕೆಯನ್ನು ನಿಲ್ಲಿಸುತ್ತದೆ ನಿಜ, ಟೈರಿನ ಗಾಯವನ್ನು ಮುಟ್ಟುವುದಿಲ್ಲ. ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಟ್ಯೂಬ್ ಉಜ್ಜಿ ಬಿಸಿಯೇರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಮುಂದಿನ ಪಂಚರ್‌ನದು: ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಾಗ ರಬ್ಬರ್ ಮೊಳೆಯನ್ನೇ ಬಿಗಿಯಾಗಿ ಹಿಡಿದು ಗಾಳಿಯನ್ನು ನಿಧಾನವಾಗಿ ಬಿಡುತ್ತದೆ, ಟ್ಯೂಬ್ ಆದರೆ ಹರಿದು ಕ್ಷಣದಲ್ಲಿ ಖಾಲಿಯಾಗಬಹುದು. ಊರು ತಲುಪಲು ಬೇರೆ ದಾರಿಯೇ ಇಲ್ಲದಾಗ ಸರಿಯಾದ ಅಳತೆಯ ಟ್ಯೂಬ್ ಹಾಕಿಸಿ ನಿಧಾನವಾಗಿ ಬನ್ನಿ ಎಂದೇನೋ ಹೇಳಿಯೇನು, ವಾರ ವಾರ ಘಾಟಿ ಇಳಿಯಲು ಹೇಳಲಾರೆ. ಕಡ್ಡಿ ಚಕ್ರದ ಬುಲೆಟ್‌ನಂಥ ಬೈಕುಗಳ ಲೆಕ್ಕ ಬೇರೆ. ಅವುಗಳಲ್ಲಿ ಹೆಚ್ಚಿನವು ಟ್ಯೂಬಿಗೆಂದೇ ಆದವು; ಅಲ್ಲಿ ತೂತಾದ ಟ್ಯೂಬಿಗೆ ಪ್ಯಾಚ್ ಹಾಕಿಸಬಹುದು, ವಾಲ್ವ್ ಬುಡದಲ್ಲಿ ಹರಿದಿದ್ದರೆ ಟ್ಯೂಬನ್ನೇ ಬದಲಿಸಬೇಕು.

ನಿಮ್ಮ ಅಣ್ಣ ಹೇಳಿದ ಸೀಲಂಟ್ ಕೆಟ್ಟ ವಸ್ತುವೇನಲ್ಲ. ಚೆನ್ನಾಗಿರುವ ಟೈರಿಗೆ ಮೊದಲೇ ಹಾಕಿಸಿಟ್ಟರೆ ಸಣ್ಣ ಮೊಳೆಯ ತೂತುಗಳನ್ನು ತಾನೇ ಮುಚ್ಚಿಕೊಂಡು ಮನೆ ಸೇರಿಸುತ್ತದೆ. ನಿಮ್ಮ ಸ್ಥಿತಿಯಲ್ಲಿ ಮಾತ್ರ ಅದು ಲಕ್ಷಣವನ್ನು ಅಡಗಿಸುವ ಔಷಧಿ. ಗಾಳಿ ಇಳಿಯುವುದು ನಿಂತರೆ ನೀವು ನಿಶ್ಚಿಂತರಾಗುತ್ತೀರಿ, ಒಳಗಿನ ಪಕ್ಕೆ ಹೇಗಿದೆಯೋ ಹಾಗೆಯೇ ಇರುತ್ತದೆ. ಜೊತೆಗೆ ಸೀಲಂಟ್ ಹರಡಿದ ಒಳಮೈಗೆ ಮುಂದೆ ಪ್ಯಾಚ್ ಅಂಟಿಸುವುದು ಕಷ್ಟ. ಎಂದಾದರೂ ಹಾಕಿಸಿದ್ದರೆ ಟೈರ್ ಬಿಚ್ಚುವವರಿಗೆ ಮೊದಲೇ ತಿಳಿಸಿ. ಮುಖಕ್ಕೆ ಚಿಮ್ಮಿಸಿಕೊಂಡ ಹುಡುಗರು ನಮ್ಮನ್ನು ಬೈದುಕೊಳ್ಳುವುದು ಸಹಜ.

ಎರಡೂ ಟೈರ್ ಬದಲಿಸಬೇಕೆಂಬ ಮಾತಿಗೆ ಪಂಚರ್ ಕಾರಣವಾಗಲಾರದು. ಮುಂದಿನ ಟೈರ್ ಹಿಂದಿನದಕ್ಕಿಂತ ನಿಧಾನವಾಗಿ ಸವೆಯುತ್ತದೆ. ಅದರ ಗ್ರಿಪ್ ಚೆನ್ನಾಗಿದ್ದು, ಪಕ್ಕೆಯಲ್ಲಿ ಬಿರುಕಿಲ್ಲದಿದ್ದರೆ ಹಾಗೆಯೇ ಬಿಡಿ. ಹಿಂದಕ್ಕೆ ಹಾಕಿಸುವ ಟೈರ್ ಮುಂದಿನದರ ಜಾತಿಯದೇ ಆಗಿರಲಿ, ಒಂದು ದಾರಗಳು ಓರೆಯಾಗಿ ಒಂದನ್ನೊಂದು ದಾಟುವ ಸಾಮಾನ್ಯ ಅಡ್ಡಪದರದ್ದು, ಮತ್ತೊಂದು ರೇಡಿಯಲ್ ಎಂದಾಗದಿರಲಿ. ಒಂದು ವೇಳೆ ಇದೇ ತೂತು ಮುಂದಿನ ಟೈರಿನಲ್ಲಿ ಆಗಿದ್ದಿದ್ದರೆ ನಾನು ಇಷ್ಟು ವಿಚಾರ ಮಾಡುತ್ತಲೇ ಇರಲಿಲ್ಲ. ಹಿಂದಿನ ಟೈರಿನ ಗಾಳಿ ಹೋದರೆ ಬೈಕ್ ಬಾಲ ಅಲ್ಲಾಡಿಸುತ್ತದೆ, ಗಾಬರಿಯಾಗದೆ ಆಕ್ಸಿಲರೇಟರ್ ಬಿಟ್ಟರೆ ಹಲವು ಸಲ ನಿಲ್ಲಿಸಿಕೊಳ್ಳಬಹುದು. ಮುಂದಿನದು ಹೋದರೆ ಹ್ಯಾಂಡಲ್ಲೇ ಕೈಬಿಟ್ಟಂತೆ.

ಹಾಗಾದರೆ ನಿಮ್ಮ ಮುಂದಿರುವುದು ಎರಡು ದಾರಿ. ಟೈರ್ ಬಿಚ್ಚಿಸಿ, ಒಳಮೈ ಶುದ್ಧವಾಗಿದ್ದರೆ ಮಶ್ರೂಮ್ ಪ್ಯಾಚ್ ಹಾಕಿಸುವುದು ಒಂದು. ಇದಕ್ಕೆ ಖರ್ಚು ಕಡಿಮೆ. ಆದರೆ ತೂತು ಅಂಚಿನಲ್ಲಿರುವುದರಿಂದ ಆ ಪ್ಯಾಚ್ ಬಳುಕುತ್ತಲೇ ಇರುವ ಜಾಗದಲ್ಲಿ ಕೂತಿರುತ್ತದೆ, ಮತ್ತು ಮುಳ್ಳುಸೂಜಿ ಆಡಿ ತೂತು ಈಗಾಗಲೇ ಮೊದಲಿಗಿಂತ ದೊಡ್ಡದಾಗಿದೆ. ಹಿಂದಿನ ಟೈರನ್ನು ಬದಲಿಸುವುದು ಇನ್ನೊಂದು. ಇಲ್ಲಿ ಉಳಿದಿರುವ ಗ್ರಿಪ್ ಅನ್ನೂ ಲೆಕ್ಕಕ್ಕೆ ಹಿಡಿಯಿರಿ. ಟೈರಿನ ಪಕ್ಕೆಯ ಮೇಲೆ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗ್ರಿಪ್‌ನ ಕಾಲುವೆಯಲ್ಲಿ ರಬ್ಬರಿನ ಪುಟ್ಟ ದಿಬ್ಬವಿದೆ. ಗ್ರಿಪ್ ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಸವೆದು ಹೋಯಿತೆಂದು ಅರ್ಥ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು. ಅದು ಕಾನೂನಿನ ಮಟ್ಟ; ನೀರು ಹರಿಯುವ ಘಾಟಿ ರಸ್ತೆಗೆ ಅದರ ದುಪ್ಪಟ್ಟು ಉಳಿದಿರುವಾಗಲೇ ನಾನಾದರೆ ಬದಲಿಸುತ್ತೇನೆ. 14,000 ಕಿಲೋಮೀಟರ್ ಓಡಿದ ಹಿಂದಿನ ಟೈರಿನಲ್ಲಿ ಉಳಿದಿರುವ ಆಯುಷ್ಯ ಅಷ್ಟೇನೂ ಹೆಚ್ಚಿರಲಾರದು.

ಅಂಚಿನ ತೂತು, ಇಬ್ಬರ ಭಾರದಲ್ಲಿ ಗಾಳಿ ಇಲ್ಲದ ಓಟ, ಹಾಕಿದ ಬತ್ತಿಯೂ ನಿಲ್ಲದಿರುವುದು, ಅರ್ಧಕ್ಕಿಂತ ಹೆಚ್ಚು ಸವೆದಿರಬಹುದಾದ ಗ್ರಿಪ್, ವಾರಕ್ಕೊಮ್ಮೆಯ ಘಾಟಿ. ಇವುಗಳಲ್ಲಿ ಒಂದೆರಡೇ ಇದ್ದಿದ್ದರೆ ಪ್ಯಾಚ್ ಹಾಕಿಸಿ ನೋಡಿ ಎನ್ನುತ್ತಿದ್ದೆ. ಐದೂ ಒಟ್ಟಿಗೆ ಇರುವುದರಿಂದ ಹಿಂದಿನ ಟೈರನ್ನು ಬದಲಿಸಿ ಎಂದೇ ನನ್ನ ಸಲಹೆ. ಅಲ್ಲಿಯವರೆಗೆ ಊರೊಳಗೆ ಒಬ್ಬರೇ ಓಡಾಡುವುದಾದರೆ ದಿನವೂ ಬೆಳಗ್ಗೆ, ಟೈರ್ ತಣ್ಣಗಿರುವಾಗ, ಗಾಳಿ ನೋಡಿಕೊಂಡು ಓಡಿಸಿ. ಉಪ್ಪಿನಂಗಡಿಗೆ ಬಸ್ಸಿನಲ್ಲಿ ಹೋಗಿ. ಗಾಳಿ 28 ಪಿಎಸ್‌ಐ ಇರಬೇಕಾದ ಕಡೆ 22 ಇದ್ದರೆ ಟೈರ್ ಇನ್ನಷ್ಟು ಬಳುಕಿ ಬಿಸಿಯಾಗುತ್ತದೆ, ಆ ಬಳುಕಾಟವೇ ಬತ್ತಿಯನ್ನು ಇನ್ನಷ್ಟು ಸಡಿಲಿಸುತ್ತದೆ.

ಹೊಸದನ್ನು ಕೊಳ್ಳುವಾಗ ಅದೇ 100/90-17 ಕೇಳಿ. ನೋಟಕ್ಕೆಂದು ಇನ್ನೂ ದಪ್ಪದ್ದನ್ನು ಅದೇ ರಿಮ್‌ಗೆ ಏರಿಸಿದರೆ ಟೈರ್ ಹಿಸುಕಿಕೊಂಡು ಅದರ ದುಂಡು ಕೆಡುತ್ತದೆ, ಬೈಕ್ ವಾಲುವ ರೀತಿಯೇ ಬದಲಾಗುತ್ತದೆ. ಅಳತೆಯ ಪಕ್ಕದಲ್ಲಿ ಹಳೆಯದರ ಮೇಲೆ 55ಪಿ ಎಂದಿದ್ದರೆ, 55 ಎಂಬುದು 218 ಕಿಲೋ ಭಾರವನ್ನೂ ಪಿ ಎಂಬುದು 150 ಕಿಲೋಮೀಟರ್ ವೇಗವನ್ನೂ ಸೂಚಿಸುತ್ತದೆ. ಹೊಸದರಲ್ಲಿ ಇವು ಕಡಿಮೆ ಇರಬಾರದು. ಐಎಸ್‌ಐ ಮುದ್ರೆಯನ್ನೂ, ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿಗಳನ್ನೂ ನೋಡಿ: 2324 ಎಂದಿದ್ದರೆ 2024ರ 23ನೇ ವಾರದ್ದು. ಟೈರಿನ ಜೊತೆಗೆ ವಾಲ್ವನ್ನೂ ಹೊಸದು ಹಾಕಿಸಿ. ಅದಕ್ಕಾಗುವ ಖರ್ಚು ಚಿಕ್ಕದು, ಹಳೆಯದು ಸೋರಿದರೆ ಮತ್ತೆ ಟೈರ್ ಬಿಚ್ಚಬೇಕಾಗುತ್ತದೆ. ಪಕ್ಕೆಯ ಮೇಲಿನ ಬಾಣ ಚಕ್ರ ಸುತ್ತುವ ದಿಕ್ಕಿಗೇ ಇರುವುದನ್ನು ಅಲ್ಲೇ ನಿಂತು ಖಚಿತಪಡಿಸಿಕೊಳ್ಳಿ. ಟೈರ್ ಬಿಚ್ಚಿದಾಗ ಹಳೆಯದರ ಒಳಮೈಯನ್ನು ನಿಮಗೂ ತೋರಿಸಲು ಹೇಳಿ. ರಿಮ್‌ನ ಅಂಚನ್ನೂ ಬೆರಳಾಡಿಸಿ ನೋಡಿ. ಆ ದಿನದ ಓಟದಲ್ಲಿ ರಿಮ್‌ಗೆ ಪೆಟ್ಟಾಗಿದ್ದರೆ ಹೊಸ ಟೈರೂ ಸೋರುತ್ತದೆ.

ಹಿಂದಿನ ಚಕ್ರ ಬಿಚ್ಚಿ ಹಾಕಿದ ಮೇಲೆ ಚೈನ್ ಅಡ್ಜಸ್ಟ್‌ಮೆಂಟ್ ಏರುಪೇರಾಗುವುದು ಸಾಮಾನ್ಯ. ಎರಡೂ ಬದಿಯ ಗುರುತುಗಳು ಒಂದೇ ಮಟ್ಟದಲ್ಲಿವೆಯೇ, ಚೈನ್ ಕೈಪಿಡಿಯಲ್ಲಿ ಹೇಳಿದಷ್ಟೇ ಸಡಿಲವಿದೆಯೇ, ಆಕ್ಸಲ್ ನಟ್ ಬಿಗಿಯಾಗಿದೆಯೇ ನೋಡಿ. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಹೊರಡುವ ಮೊದಲು ಪೆಡಲನ್ನು ನಾಲ್ಕಾರು ಬಾರಿ ಒತ್ತಿ, ಗಟ್ಟಿಯಾಗಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ. ಹೊಸ ಟೈರಿನ ಮೈ ಮೊದಲು ನುಣುಪಾಗಿರುತ್ತದೆ. ನೂರು ನೂರೈವತ್ತು ಕಿಲೋಮೀಟರ್ ಹಾಸನದ ಸುತ್ತಲಿನ ಒಣ ರಸ್ತೆಯಲ್ಲಿ ಓಡಿಸಿ, ಜೋರು ಬ್ರೇಕು ಮತ್ತು ಹೆಚ್ಚು ವಾಲಿಕೆ ಇಲ್ಲದೆ ಅದನ್ನು ಪಳಗಿಸಿಕೊಂಡ ಮೇಲೆ ಘಾಟಿಗೆ ಇಳಿಯಿರಿ.